ಅಜ್ಜನ ಹೆಸರು ವಂಶದ ಹೆಸರಾದ ಕಥೆ: ಟ್ಯೂಡರ್‌ಗಳ ವೇಲ್ಸ್ ಬೇರು

ಪ್ರಶ್ನೆ: ಎಂಟನೇ ಹೆನ್ರಿಯ ಬಗ್ಗೆ ಒಂದು ಧಾರಾವಾಹಿ ನೋಡುತ್ತಿದ್ದೆ. ಅದರಲ್ಲಿ ಒಬ್ಬ ಸರದಾರ ರಾಜನ ಬೆನ್ನ ಹಿಂದೆ 'ವೆಲ್ಷ್ ಚಾಕರನ ಮರಿಮಗ' ಎಂದು ಹಂಗಿಸುತ್ತಾನೆ. ಟ್ಯೂಡರ್‌ಗಳು ಇಂಗ್ಲಿಷರಲ್ವಾ? ವೇಲ್ಸ್‌ನವರಾದರೆ ಇಂಗ್ಲೆಂಡಿನ ಸಿಂಹಾಸನ ಅವರಿಗೆ ಹೇಗೆ ಸಿಕ್ಕಿತು? ಅದರಿಂದ ವೇಲ್ಸ್ ಜನಕ್ಕೆ ಏನಾದರೂ ಒಳ್ಳೆಯದಾಯಿತಾ?

ಉತ್ತರ: ಆ ಸರದಾರ ಹೇಳಿದ್ದು ಸುಳ್ಳಲ್ಲ. ಟ್ಯೂಡರ್ ವಂಶದ ಮೊದಲ ರಾಜ ಏಳನೇ ಹೆನ್ರಿ. ಅವನ ಅಪ್ಪನ ಅಪ್ಪ ಓವೆನ್ ಟ್ಯೂಡರ್ ಅಪ್ಪಟ ವೆಲ್ಷ್ ಮನುಷ್ಯ, ರಾಣಿಯೊಬ್ಬಳ ಮನೆಯಲ್ಲಿ ಚಾಕರಿಗಿದ್ದವನು. ಆದರೆ ಲೆಕ್ಕ ಹಾಕಿ ನೋಡಿ. ಹೆನ್ರಿಯ ನಾಲ್ಕು ಜನ ಅಜ್ಜ-ಅಜ್ಜಿಯರಲ್ಲಿ ವೇಲ್ಸ್‌ನವನು ಓವೆನ್ ಒಬ್ಬನೇ. ಅಪ್ಪನ ಅಮ್ಮ ಫ್ರಾನ್ಸಿನ ರಾಜಕುಮಾರಿ. ಅಮ್ಮನ ಕಡೆಯ ಇಬ್ಬರೂ ಇಂಗ್ಲಿಷರು. ಸಿಂಹಾಸನದ ಹಕ್ಕು ಬಂದದ್ದೂ ಅಮ್ಮನ ಕಡೆಯಿಂದಲೇ, ಅದೂ ತೇಪೆ ಹಾಕಿದ ಹಕ್ಕು. ಹಾಗಾದರೆ ವೇಲ್ಸ್‌ನಿಂದ ಅವನಿಗೆ ಸಿಕ್ಕಿದ್ದೇನು? ನನ್ನ ಪ್ರಕಾರ ಎರಡು. ಸೈನ್ಯದ ಜೊತೆ ನಡೆದು ಹೋಗಲು ಒಂದು ದಾರಿ ಸಿಕ್ಕಿತು, ಹೇಳಿಕೊಂಡು ಹೋಗಲು ಒಂದು ಹಳೇ ಕಥೆ ಸಿಕ್ಕಿತು. ಎರಡನ್ನೂ ಅವನು ಜಾಣತನದಿಂದ ಬಳಸಿಕೊಂಡ.

ಮೊದಲು ಹೆಸರಿನ ವಿಷಯ ಮುಗಿಸಿಬಿಡೋಣ, ಯಾಕೆಂದರೆ ಗೊಂದಲ ಶುರುವಾಗುವುದೇ ಅಲ್ಲಿಂದ. ಟ್ಯೂಡರ್ ಎನ್ನುವುದು ಮನೆತನದ ಹೆಸರೇ ಅಲ್ಲ. ಅದೊಂದು ಸಾದಾ ವೆಲ್ಷ್ ಹೆಸರು, ನಮ್ಮಲ್ಲಿ ಮಂಜುನಾಥ, ಬಸವರಾಜ ಎಂದು ಇಡುವ ಹಾಗೆ. ಬರೆಯುವುದು ಟುಡುರ್. ಆದರೆ ವೆಲ್ಷ್ ನಾಲಿಗೆಯಲ್ಲಿ ಆ 'ಉ' ಸುಮಾರು 'ಇ' ಆಗುತ್ತದೆ, ಕೇಳುವವರಿಗೆ 'ಟಿಡಿರ್' ಎಂದೇ ಕೇಳಿಸುತ್ತದೆ. ಜನ ಮತ್ತು ರಾಜ ಎಂಬ ಅರ್ಥದ ಎರಡು ಹಳೇ ಪದ ಸೇರಿ ಆದ ಹೆಸರು ಅದು. ಆ ಕಾಲದ ವೇಲ್ಸ್‌ನಲ್ಲಿ ಮನೆತನದ ಹೆಸರಿನ ಪದ್ಧತಿ ಇರಲಿಲ್ಲ. ಒಬ್ಬನ ಹೆಸರಿನ ಮುಂದೆ 'ಅಪ್' ಎಂದು ಹಾಕಿ ಅಪ್ಪನ ಹೆಸರು ಸೇರಿಸುತ್ತಿದ್ದರು. ಅಪ್ ಎಂದರೆ ಮಗ. ನಮ್ಮ ಅಪ್ಪನಿಗೂ ಅದಕ್ಕೂ ಸಂಬಂಧ ಇಲ್ಲ. ಆದರೆ ನೆನಪಿಡಲು ಸುಲಭ: ಅಪ್ ಬಂದ ಮೇಲೆ ಅಪ್ಪನ ಹೆಸರು ಬರುತ್ತದೆ. ಅಜ್ಜ, ಮುತ್ತಜ್ಜನವರೆಗೂ ಹೀಗೆ ಪೋಣಿಸುತ್ತ ಹೋಗಬಹುದಿತ್ತು. ಮುಂದೆ ಇಂಗ್ಲಿಷ್ ಗುಮಾಸ್ತರ ಕೈಗೆ ಸಿಕ್ಕಿ ಈ ಅಪ್ ಸವೆದುಹೋಯಿತು. ಅಪ್ ಹವೆಲ್ ಹೋಗಿ ಪೊವೆಲ್ ಆಯಿತು. ಅಪ್ ರೀಸ್ ಹೋಗಿ ಪ್ರೈಸ್, ಅಪ್ ಹ್ಯಾರಿ ಹೋಗಿ ಪ್ಯಾರಿ, ಅಬ್ ಓವೈನ್ ಹೋಗಿ ಬೋವೆನ್ ಆಯಿತು. ಕ್ರಿಕೆಟ್, ಸಿನಿಮಾ ನೋಡುವವರಿಗೆ ಇವೆಲ್ಲ ಪರಿಚಿತ ಹೆಸರುಗಳೇ.

ನಮ್ಮ ಓವೆನ್‌ನ ಪೂರ್ತಿ ಹೆಸರು ಓವೈನ್ ಅಪ್ ಮರೆದಿದ್ ಅಪ್ ಟುಡುರ್. ಅಪ್ಪ ಮರೆದಿದ್, ಅಜ್ಜ ಟುಡುರ್. ಲೆಕ್ಕದ ಪ್ರಕಾರ ಅವನು ಓವೆನ್ ಮೆರೆಡಿತ್ ಆಗಬೇಕಿತ್ತು. 1432ರ ಒಂದು ಕಾಗದದಲ್ಲಿ ಅವನನ್ನು ಮರೆದಿದ್‌ನ ಮಗ ಎಂದೇ ಬರೆದಿದ್ದಾರೆ. ಆದರೆ ಹೇಗೋ ಅಪ್ಪನ ಹೆಸರು ಬಿಟ್ಟುಹೋಗಿ ಅಜ್ಜನ ಹೆಸರು ಅಂಟಿಕೊಂಡಿತು. ಇಲ್ಲದಿದ್ದರೆ ಇವತ್ತು ನಾವು ಮೆರೆಡಿತ್ ರಾಜರು, ಮೆರೆಡಿತ್ ಶೈಲಿಯ ಮನೆಗಳು ಎನ್ನುತ್ತಿದ್ದೆವು.

ಚಾಕರ ಎಂದ ಮಾತ್ರಕ್ಕೆ ಓವೆನ್ ಗತಿಯಿಲ್ಲದ ಮನೆಯವನು ಎಂದುಕೊಳ್ಳಬೇಡಿ. ವೇಲ್ಸ್‌ನ ವಾಯವ್ಯ ಮೂಲೆಯಲ್ಲಿ ಆಂಗ್ಲ್‌ಸೀ ಎಂಬ ದ್ವೀಪವಿದೆ. ಅದರಲ್ಲಿ ಪೆನ್‌ಮನಿದ್ ಎಂಬ ಹಳ್ಳಿ. ಆ ಹಳ್ಳಿಯ ಈ ಮನೆತನಕ್ಕೆ ದೊಡ್ಡ ಹಿನ್ನೆಲೆಯಿತ್ತು. ಮೂಲಪುರುಷ ಎಡ್ನವೆಡ್ ವಖನ್. 13ನೇ ಶತಮಾನದ ಮೊದಲ ಭಾಗದಲ್ಲಿ ಉತ್ತರ ವೇಲ್ಸ್ ಆಳಿದ ಮಹಾ ಲಿವೆಲಿನ್‌ಗೆ ಇವನು ದಿವಾನ. ಯುದ್ಧ, ಸಂಧಾನ, ತೀರ್ಪು ಎಲ್ಲದರಲ್ಲೂ ಬಲಗೈ. ಹೆಂಡತಿ ದಕ್ಷಿಣ ವೇಲ್ಸ್‌ನ ರಾಜಮನೆತನದ ಹುಡುಗಿ, ಹೆಸರು ಗ್ವೆನ್ಲಿಯನ್. ಹಾಗಾಗಿ ಹೆಣ್ಣಿನ ಕಡೆಯಿಂದ ಇವರಿಗೆ ರಾಜರಕ್ತವೂ ಬಂತು. ಎಡ್ನವೆಡ್ ಯುದ್ಧದಲ್ಲಿ ಮೂವರು ಇಂಗ್ಲಿಷ್ ಸರದಾರರ ತಲೆ ತಂದು ರಾಜನ ಮುಂದಿಟ್ಟ, ಅದಕ್ಕೇ ಮನೆತನದ ಲಾಂಛನದಲ್ಲಿ ಮೂರು ತಲೆಗಳು ಬಂದವು ಎಂದು ಒಂದು ಕಥೆಯಿದೆ. ಇಂಗ್ಲೆಂಡಿನ ಅರಸರಾಗುವ ಹೊತ್ತಿಗೆ ಆ ತಲೆಗಳೆಲ್ಲ ಬರೀ ಶಿರಸ್ತ್ರಾಣಗಳಾಗಿದ್ದವು. ಆಗಲೇಬೇಕಿತ್ತು ಬಿಡಿ. ಇಂಗ್ಲಿಷರ ರಾಜ ಇಂಗ್ಲಿಷರ ತಲೆಯನ್ನೇ ಲಾಂಛನ ಮಾಡಿಕೊಂಡರೆ ಚೆನ್ನಾಗಿರುತ್ತದಾ?

ಎಡ್ನವೆಡ್‌ನ ಸೇವೆಗೆ ಪ್ರತಿಯಾಗಿ ಅವನ ಸಂತಾನಕ್ಕೆಲ್ಲ ಒಂದು ವಿಶೇಷ ಸವಲತ್ತು ಸಿಕ್ಕಿತು. ಅವರ ಭೂಮಿಗೆ ಕಂದಾಯ, ಬಿಟ್ಟಿ ದುಡಿಮೆ ಏನೂ ಇಲ್ಲ. ಯುದ್ಧ ಬಂದಾಗ ಕತ್ತಿ ಹಿಡಿದು ಬಂದರೆ ಸಾಕು. ಇನಾಂ ಜಮೀನು ಅಂತೀವಲ್ಲ, ಹಾಗೆ. ಈ ಬಲದ ಮೇಲೆ ಮನೆತನ ಬೇರು ಬಿಟ್ಟಿತು. 1282ರಲ್ಲಿ ವೇಲ್ಸ್‌ನ ಕೊನೆಯ ಸ್ವತಂತ್ರ ದೊರೆ, ಇನ್ನೊಬ್ಬ ಲಿವೆಲಿನ್, ಸತ್ತು ವೇಲ್ಸ್ ಇಂಗ್ಲಿಷ್ ರಾಜ ಒಂದನೇ ಎಡ್ವರ್ಡ್‌ನ ಕೈಗೆ ಹೋದ ಮೇಲೂ ಇವರು ಉಳಿದುಕೊಂಡರು. ಒಮ್ಮೆ ದಂಗೆ, ಒಮ್ಮೆ ಶರಣಾಗತಿ, ಮತ್ತೆ ಸರ್ಕಾರಿ ಹುದ್ದೆ. ಗಾಳಿ ನೋಡಿ ತೂರಿಕೊಳ್ಳುವ ವಿದ್ಯೆ ಇವರಿಗೆ ಚೆನ್ನಾಗಿ ಗೊತ್ತಿತ್ತು. ಪೆನ್‌ಮನಿದ್‌ನ ಚರ್ಚಿನಲ್ಲಿ ಓವೆನ್‌ನ ದೊಡ್ಡಪ್ಪ ಗೊರೊನ್ವಿ ಮತ್ತು ಅವನ ಹೆಂಡತಿ ಮವ್ಯಾನ್ವಿಯ ಸಮಾಧಿ ಇನ್ನೂ ಇದೆ. ಬಿಳಿ ಅಲಬಾಸ್ಟರ್ ಕಲ್ಲಿನಲ್ಲಿ ಕೆತ್ತಿದ ಗಂಡ ಹೆಂಡಿರ ಪ್ರತಿಮೆ, ಅವನು ಪೂರ್ತಿ ಕವಚದಲ್ಲಿ. ಹತ್ತಿರ ಹೋಗಿ ನೋಡಿದರೆ ಕಲ್ಲು ಅಲ್ಲಲ್ಲಿ ಚಕ್ಕೆ ಎದ್ದಿದೆ. ಅದು ಶತ್ರುಗಳ ಕೆಲಸವಲ್ಲ. ಆ ಕಲ್ಲಿನ ಪುಡಿ ಕಣ್ಣಿನ ಕಾಯಿಲೆಗೆ ಮದ್ದು ಎಂದು ನಂಬಿ ಊರ ಜನವೇ ಕೆರೆದುಕೊಂಡು ಹೋದರು.

ಈ ಮನೆತನವನ್ನು ನೆಲಕ್ಕೆ ಕೆಡವಿದ್ದು ಒಂದು ಸಾಹಸ. 1400ರಲ್ಲಿ ಓವೈನ್ ಗ್ಲಿಂಡೂರ್ ತಾನೇ ವೇಲ್ಸ್‌ನ ರಾಜಕುಮಾರ ಎಂದು ಘೋಷಿಸಿ ಇಂಗ್ಲಿಷರ ವಿರುದ್ಧ ಎದ್ದ. ಅವನ ತಾಯಿಯೂ ಪೆನ್‌ಮನಿದ್ ಅಣ್ಣತಮ್ಮಂದಿರ ತಾಯಿಯೂ ಅಕ್ಕತಂಗಿಯರು. ಮರು ವರ್ಷ, 1401ರ ಏಪ್ರಿಲ್ 1, ಶುಭ ಶುಕ್ರವಾರ. ಕಾನ್ವಿ ಕೋಟೆಯ ಕಾವಲು ಸೈನಿಕರೆಲ್ಲ ಪ್ರಾರ್ಥನೆಗೆಂದು ಊರ ಚರ್ಚಿಗೆ ಹೋಗಿದ್ದರು. ಒಬ್ಬ ಬಡಗಿ ದಿನದ ಕೆಲಸಕ್ಕೆ ಬಂದವನ ಹಾಗೆ ಬಾಗಿಲಿಗೆ ಬಂದ. ಉಳಿದಿದ್ದ ಇಬ್ಬರು ಕಾವಲುಗಾರರನ್ನು ಕೊಂದ. ಹಿಂದೆಯೇ ಓವೆನ್‌ನ ಇಬ್ಬರು ದೊಡ್ಡಪ್ಪಂದಿರು, ರೀಸ್ ಮತ್ತು ಗ್ವಿಲಿಮ್, ಸುಮಾರು 40 ಜನರ ಜೊತೆ ಒಳಗೆ ನುಗ್ಗಿ ಬಾಗಿಲು ಹಾಕಿಕೊಂಡರು. ವೇಲ್ಸ್ ಅನ್ನು ಅಡಗಿಸಲೆಂದೇ ಎಡ್ವರ್ಡ್ ಕಟ್ಟಿಸಿದ್ದ ಆ ಭಾರೀ ಕೋಟೆ ಒಬ್ಬ ಬಡಗಿಯ ನಾಟಕಕ್ಕೆ ಬಿದ್ದುಹೋಯಿತು.

ಮುಂದಿನ ಭಾಗ ಅಷ್ಟು ಚೆಂದ ಇಲ್ಲ. ಕೆಲವು ತಿಂಗಳ ಮುತ್ತಿಗೆಯ ನಂತರ ಅಣ್ಣತಮ್ಮಂದಿರು ರಾಜಿಗೆ ಬಂದರು. ತಮ್ಮ ಕ್ಷಮಾದಾನಕ್ಕೆ ಬೆಲೆಯಾಗಿ ತಮ್ಮದೇ ಒಂಬತ್ತು ಸಂಗಾತಿಗಳನ್ನು ಒಪ್ಪಿಸಿದರು. ರಾತ್ರಿ ಪಾಳಿ ಮುಗಿಸಿ ಮಲಗಿದ್ದವರನ್ನು ನಿದ್ದೆಯಲ್ಲೇ ಕಟ್ಟಿಹಾಕಿದರು ಎಂದು ಆ ಕಾಲದ ಬರಹಗಾರನೊಬ್ಬ ದಾಖಲಿಸಿದ್ದಾನೆ. ಆ ಒಂಬತ್ತು ಜನರನ್ನು ಕ್ರೂರವಾಗಿ ಕೊಲ್ಲಲಾಯಿತು. ರೀಸ್‌ಗೂ 1412ರಲ್ಲಿ ಮರಣದಂಡನೆಯಾಯಿತು. ದಂಗೆ ಅಡಗಿತು, ಮನೆತನದ ಆಸ್ತಿ ಬಹುಪಾಲು ಹೋಯಿತು. ವೆಲ್ಷ್ ಜನರ ಮೇಲೆ 1402ರಿಂದ ಕಟ್ಟುನಿಟ್ಟಿನ ಕಾನೂನುಗಳು ಬಂದವು. ದೊಡ್ಡ ಹುದ್ದೆ ಹಿಡಿಯುವಂತಿಲ್ಲ, ಆಯುಧ ಹಿಡಿದು ಪೇಟೆಗೆ ಬರುವಂತಿಲ್ಲ, ಗುಂಪು ಸೇರುವಂತಿಲ್ಲ. ವೆಲ್ಷ್ ಹೆಣ್ಣನ್ನು ಮದುವೆಯಾದ ಇಂಗ್ಲಿಷನಿಗೂ ವೇಲ್ಸ್‌ನಲ್ಲಿ ಹುದ್ದೆ ಇಲ್ಲ. ಓವೆನ್ ಹುಟ್ಟಿದ್ದು ಸುಮಾರು 1400ರಲ್ಲಿ, ಈ ಸೋಲಿನ ನಡುವೆ.

ಆಗ ಕಾನ್ವಿಗೆ ಮುತ್ತಿಗೆ ಹಾಕಿಸಿದ್ದು ಯಾರು ಗೊತ್ತಾ? ರಾಜನ ಹಿರಿಮಗ ಹೆನ್ರಿ, ಆಗಿನ್ನೂ ಹದಿನಾಲ್ಕರ ಆಸುಪಾಸಿನ ಹುಡುಗ. ಮುಂದೆ ಐದನೇ ಹೆನ್ರಿಯಾಗಿ ಫ್ರಾನ್ಸ್ ಗೆದ್ದವನು. ಈ ಐದನೇ ಹೆನ್ರಿಯ ವಿಧವೆಯನ್ನೇ ನಮ್ಮ ಓವೆನ್ ಮದುವೆಯಾದ. ಇತಿಹಾಸ ಹೀಗೆಲ್ಲ ಮಾಡುತ್ತದೆ.

ಫ್ರಾನ್ಸಿನ ರಾಜಕುಮಾರಿ ಕ್ಯಾಥರೀನ್‌ಗೆ 1422ರಲ್ಲಿ ಗಂಡ ಸತ್ತಾಗ ವಯಸ್ಸು 20. ಮಗ ಆರನೇ ಹೆನ್ರಿಗೆ ಒಂಬತ್ತು ತಿಂಗಳೂ ತುಂಬಿರಲಿಲ್ಲ. ಮಗು ರಾಜನ ಹೆಸರಲ್ಲಿ ರಾಜ್ಯ ನಡೆಸುತ್ತಿದ್ದ ಸರದಾರರಿಗೆ ಒಂದೇ ಚಿಂತೆ: ಈ ಹುಡುಗಿ ಮತ್ತೆ ಮದುವೆಯಾದರೆ ಅವಳ ಗಂಡ ತಮ್ಮ ತಲೆ ಮೇಲೆ ಕೂರುತ್ತಾನೆ. ಅದಕ್ಕೇ ಒಂದು ಕಾನೂನು ಮಾಡಿದರು. ವಯಸ್ಸಿಗೆ ಬಂದ ರಾಜನ ಒಪ್ಪಿಗೆ ಇಲ್ಲದೆ ರಾಣಿಯನ್ನು ಮದುವೆಯಾದವನ ಆಸ್ತಿ ಮುಟ್ಟುಗೋಲು. ರಾಜನಿಗೆ ವಯಸ್ಸಾಗಲು ಇನ್ನೂ ಎಷ್ಟೋ ವರ್ಷ ಬೇಕಿತ್ತು. ಕ್ಯಾಥರೀನ್ ಕಳೆದುಕೊಳ್ಳಲು ಆಸ್ತಿಯೇ ಇಲ್ಲದವನನ್ನು ಆರಿಸಿಕೊಂಡಳು. ಇದು ಪ್ರೀತಿಯೋ ಜಾಣತನವೋ ಎಂದು ಕೇಳಿದರೆ, ಎರಡೂ ಇರಬಹುದಲ್ವಾ?

ಇಬ್ಬರೂ ಹತ್ತಿರವಾದ ಬಗ್ಗೆ ಬೇಕಾದಷ್ಟು ಕಥೆಗಳು ಹುಟ್ಟಿಕೊಂಡವು. ಓವೆನ್ ಕುಣಿಯುತ್ತ ಕಾಲು ಜಾರಿ ರಾಣಿಯ ಮಡಿಲಿಗೆ ಬಿದ್ದ ಎಂಬುದು ಒಂದು. ನನಗೆ ಇಷ್ಟವಾದದ್ದು ಬೇರೆ. ಅದು ವೇಲ್ಸ್‌ನ ಅವನ ಬಂಧುಗಳ ಮನೆತನದಲ್ಲಿ ಉಳಿದುಬಂದದ್ದು. ನಿಮ್ಮ ಕಡೆಯವರನ್ನು ನೋಡಬೇಕು ಎಂದು ರಾಣಿ ಕೇಳಿದಳಂತೆ. ಓವೆನ್ ಊರಿನಿಂದ ಇಬ್ಬರು ದಾಯಾದಿಗಳನ್ನು ಕರೆಸಿದ. ಎತ್ತರದ, ನೋಡಲು ಚೆಂದದ ಗಂಡಸರು. ರಾಣಿ ತನಗೆ ಗೊತ್ತಿದ್ದ ಭಾಷೆಗಳಲ್ಲೆಲ್ಲ ಮಾತಾಡಿಸಿದಳು. ಅವರು ಸುಮ್ನೆ ನಿಂತಿದ್ದರು. ವೆಲ್ಷ್ ಬಿಟ್ಟು ಅವರಿಗೆ ಬೇರೇನೂ ಬರುತ್ತಿರಲಿಲ್ಲ. ಇಷ್ಟು ಚೆಂದದ ಮೂಗರನ್ನು ನಾನು ನೋಡೇ ಇಲ್ಲ ಎಂದು ರಾಣಿ ನಕ್ಕಳಂತೆ. ಕಥೆ ಎಷ್ಟು ನಿಜವೋ, ಟ್ಯೂಡರ್‌ಗಳ ಅಜ್ಜನ ಮನೆ ಎಂಥದ್ದಾಗಿತ್ತು ಎನ್ನುವುದು ಮಾತ್ರ ಇದರಲ್ಲಿ ಚೆನ್ನಾಗಿ ಕಾಣುತ್ತದೆ.

ಮದುವೆ ಗುಟ್ಟಾಗಿಯೇ ನಡೆಯಿತು, 1430ರ ಆಸುಪಾಸು. 1432ರಲ್ಲಿ ಓವೆನ್‌ಗೆ ಇಂಗ್ಲಿಷನ ಹಕ್ಕುಗಳು ಸಿಕ್ಕವು. ಮೇಲೆ ಹೇಳಿದೆನಲ್ಲ, ಅಪ್ಪನ ಹೆಸರಿರುವ ಕಾಗದ, ಅದು ಇದೇ. ವೆಲ್ಷ್ ಜನರ ಮೇಲಿನ ಕಾನೂನುಗಳಿಂದ ಅವನಿಗೆ ಬಿಡುಗಡೆ. ಎಡ್ಮಂಡ್, ಜ್ಯಾಸ್ಪರ್ ಎಂಬ ಗಂಡು ಮಕ್ಕಳು ಹುಟ್ಟಿದರು. 1437ರ ಜನವರಿಯಲ್ಲಿ ಕ್ಯಾಥರೀನ್ ತೀರಿಕೊಂಡಳು. ಅವಳ ನೆರಳು ಹೋದ ಕೂಡಲೇ ಓವೆನ್‌ನನ್ನು ಲಂಡನ್ನಿನ ನ್ಯೂಗೇಟ್ ಜೈಲಿಗೆ ಹಾಕಿದರು. ಅವನು ತಪ್ಪಿಸಿಕೊಂಡ, ಮತ್ತೆ ಸಿಕ್ಕಿಬಿದ್ದ, ಕೊನೆಗೆ 1439ರಲ್ಲಿ ಕ್ಷಮೆ ಸಿಕ್ಕಿತು. ಮಕ್ಕಳು ಬಾರ್ಕಿಂಗ್ ಎಂಬಲ್ಲಿ ಸನ್ಯಾಸಿನಿಯರ ಮಠದಲ್ಲಿ ಬೆಳೆದರು. ಆರನೇ ಹೆನ್ರಿ ದೊಡ್ಡವನಾದ ಮೇಲೆ ಒಂದೇ ತಾಯಿಯ ಮಕ್ಕಳೆಂಬ ಅಕ್ಕರೆಯಿಂದ 1452ರಲ್ಲಿ ಎಡ್ಮಂಡ್‌ನನ್ನು ರಿಚ್ಮಂಡ್‌ನ ಅರ್ಲ್, ಅಂದರೆ ದೊಡ್ಡ ದರ್ಜೆಯ ಸರದಾರ, ಮಾಡಿದ, ಜ್ಯಾಸ್ಪರ್‌ನನ್ನು ಪೆಂಬ್ರೋಕ್‌ನ ಅರ್ಲ್ ಮಾಡಿದ. ನೋಡಿ, ಇಲ್ಲಿವರೆಗೂ ಇವರು ರಾಜನ ತಮ್ಮಂದಿರು ಮಾತ್ರ. ಇಂಗ್ಲೆಂಡಿನ ರಾಜರಕ್ತ ಒಂದು ಹನಿಯೂ ಇಲ್ಲ. ಸಂಬಂಧ ಏನಿದ್ದರೂ ಫ್ರೆಂಚ್ ತಾಯಿಯ ಮೂಲಕ.

ಆ ಹನಿ ಬಂದದ್ದು 1455ರಲ್ಲಿ. ಎಡ್ಮಂಡ್ 12 ವರ್ಷದ ಮಾರ್ಗರೆಟ್ ಬೋಫೋರ್ಟ್‌ಳನ್ನು ಮದುವೆಯಾದ. ಅವಳು ಮೂರನೇ ಎಡ್ವರ್ಡ್‌ನ ಮಗ ಜಾನ್ ಆಫ್ ಗಾಂಟ್‌ನ ವಂಶದವಳು. ಆದರೆ ಬೋಫೋರ್ಟ್‌ಗಳು ಮೂಲದಲ್ಲಿ ಮದುವೆಯ ಹೊರಗೆ ಹುಟ್ಟಿದವರ ಸಂತತಿ. 1397ರಲ್ಲಿ ಅವರನ್ನು ಸಕ್ರಮ ಮಾಡಿದ್ದರು. 1407ರಲ್ಲಿ, ಸಿಂಹಾಸನಕ್ಕೆ ಮಾತ್ರ ಹಕ್ಕಿಲ್ಲ ಎಂದು ಷರಾ ಹಾಕಿದ್ದರು. ತೇಪೆ ಎಂದೆನಲ್ಲ, ಅದು ಇದೇ. ಮದುವೆಯಾದ ಮರುವರ್ಷ ಎಡ್ಮಂಡ್ ಕಾರ್ಮಾರ್ದನ್‌ನಲ್ಲಿ ಸತ್ತ. 1457ರ ಜನವರಿ 28ರಂದು ಪೆಂಬ್ರೋಕ್ ಕೋಟೆಯಲ್ಲಿ, ಇನ್ನೂ 13 ವರ್ಷದ ಮಾರ್ಗರೆಟ್ ಒಂದು ಗಂಡು ಮಗು ಹೆತ್ತಳು. ಆಮೇಲೆ ಅವಳಿಗೆ ಮಕ್ಕಳಾಗಲಿಲ್ಲ. ಆ ಮಗುವೇ ಹೆನ್ರಿ. ಹುಟ್ಟಿದ್ದು ವೇಲ್ಸ್‌ನಲ್ಲಿ, ಬೆಳೆದದ್ದೂ ಬಹುಪಾಲು ಅಲ್ಲೇ.

ಅಷ್ಟರಲ್ಲಿ ಇಂಗ್ಲೆಂಡಿನ ರಾಜಮನೆತನದ ಎರಡು ಕವಲುಗಳಾದ ಲ್ಯಾಂಕಾಸ್ಟರ್ ಮತ್ತು ಯಾರ್ಕ್ ದಾಯಾದಿಗಳ ನಡುವೆ ಸಿಂಹಾಸನಕ್ಕಾಗಿ ಜಗಳ ಹತ್ತಿಕೊಂಡಿತ್ತು. ಆರನೇ ಹೆನ್ರಿ ಲ್ಯಾಂಕಾಸ್ಟರ್, ಹಾಗಾಗಿ ಟ್ಯೂಡರ್‌ಗಳೂ ಆ ಕಡೆಯೇ. 1461ರ ಫೆಬ್ರವರಿಯಲ್ಲಿ ಮಾರ್ಟಿಮರ್ಸ್ ಕ್ರಾಸ್ ಎಂಬಲ್ಲಿ ಲ್ಯಾಂಕಾಸ್ಟರ್ ಕಡೆ ಸೋತಿತು. ಅರವತ್ತು ದಾಟಿದ ಓವೆನ್ ಸೆರೆಸಿಕ್ಕ. ಅವನನ್ನು ಹೆರೆಫರ್ಡ್ ಪೇಟೆಗೆ ತಂದರು. ತನ್ನನ್ನು ಕೊಲ್ಲುತ್ತಾರೆಂದು ಅವನಿಗೆ ಕೊನೆಯವರೆಗೂ ನಂಬಿಕೆ ಬರಲಿಲ್ಲ. ಕೊಡಲಿ, ಮರದ ದಿಮ್ಮಿ ಎರಡೂ ಕಣ್ಣೆದುರು ಇದ್ದವು. ಆದರೂ ಕ್ಷಮೆ ಬರುತ್ತದೆ ಅಂದುಕೊಂಡಿದ್ದ. ಯಾರೋ ಬಂದು ಅವನ ಕೆಂಪು ಮಖಮಲ್ ಅಂಗಿಯ ಕಾಲರ್ ಹರಿದುಹಾಕಿದರು. ಆಗ ಅರ್ಥವಾಯಿತು. ರಾಣಿ ಕ್ಯಾಥರೀನ್‌ಳ ಮಡಿಲಲ್ಲಿ ಮಲಗುತ್ತಿದ್ದ ತಲೆ ಇನ್ನು ಈ ದಿಮ್ಮಿಯ ಮೇಲೆ ಮಲಗುತ್ತದೆ ಎಂದು ಹೇಳಿ ತಲೆಯೊಡ್ಡಿದನಂತೆ. ಕಡಿದ ತಲೆಯನ್ನು ಪೇಟೆಯ ಶಿಲುಬೆ ಕಟ್ಟೆಯ ಮೇಲಿನ ಮೆಟ್ಟಿಲ ಮೇಲಿಟ್ಟರು. ಒಬ್ಬ ಹೆಂಗಸು ಬಂದಳು. ಹುಚ್ಚಿ ಎಂದು ಬರೆದಿದ್ದಾರೆ. ಅವಳು ಆ ತಲೆಗೂದಲು ಬಾಚಿದಳು, ಮುಖದ ರಕ್ತ ತೊಳೆದಳು, ಸುತ್ತಲೂ ನೂರಕ್ಕೂ ಹೆಚ್ಚು ಮೇಣದ ಬತ್ತಿ ಹಚ್ಚಿಟ್ಟಳು. ಅವಳು ಯಾರೆಂದು ಬರೆದವರು ಹೇಳಿಲ್ಲ. ಟ್ಯೂಡರ್ ಇತಿಹಾಸದಲ್ಲಿ ಎಂಟನೇ ಹೆನ್ರಿಯ ಆರು ಹೆಂಡಿರಿಗಿಂತ ನನಗೆ ಈ ಹೆಂಗಸೇ ಹೆಚ್ಚು ನೆನಪಾಗುತ್ತಾಳೆ.

ಮೊಮ್ಮಗ ಹೆನ್ರಿಗೆ ಆಗ ನಾಲ್ಕು ವರ್ಷ. ಯಾರ್ಕ್ ಕಡೆಯ ವೆಲ್ಷ್ ಸರದಾರ ವಿಲಿಯಂ ಹರ್ಬರ್ಟ್ ಅವನ ಪೋಷಕನಾಗುವ ಹಕ್ಕನ್ನು 1,000 ಪೌಂಡ್ ಕೊಟ್ಟು ಕೊಂಡ. ಹುಡುಗ ಹರ್ಬರ್ಟ್‌ನ ರ್‍ಯಾಗ್ಲನ್ ಕೋಟೆಯಲ್ಲಿ ಬೆಳೆದ. 1471ರಲ್ಲಿ ಲ್ಯಾಂಕಾಸ್ಟರ್ ಕಡೆಯ ಗಂಡು ಸಂತಾನವೆಲ್ಲ ಮುಗಿದುಹೋಯಿತು. ಚಿಕ್ಕಪ್ಪ ಜ್ಯಾಸ್ಪರ್ 14 ವರ್ಷದ ಹೆನ್ರಿಯನ್ನು ಕರೆದುಕೊಂಡು ಟೆನ್‌ಬಿ ಬಂದರಿನಿಂದ ದೋಣಿ ಹತ್ತಿದ. ಮೊದಲು ಫ್ರಾನ್ಸಿನ ಪಕ್ಕದ ಬ್ರಿಟನಿ ಎಂಬ ಸಂಸ್ಥಾನ, ಆಮೇಲೆ ಫ್ರಾನ್ಸ್. ಒಟ್ಟು 14 ವರ್ಷ ಪರದೇಶ.

ಆ 14 ವರ್ಷ ವೇಲ್ಸ್‌ನಲ್ಲಿ ಅವನಿಗಾಗಿ ಕೆಲಸ ಮಾಡಿದವರು ಕವಿಗಳು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವೇಲ್ಸ್‌ನಲ್ಲಿ ಒಂದು ಹಳೆಯ ಭವಿಷ್ಯವಾಣಿ ಇತ್ತು. ಈ ನಾಡೆಲ್ಲ ಮೊದಲು ಬ್ರಿಟನ್ನರದು, ಅಂದರೆ ವೆಲ್ಷರ ಪೂರ್ವಜರದು. ಸ್ಯಾಕ್ಸನ್ನರು ಬಂದು ಕಸಿದುಕೊಂಡರು. ನೆಲದಡಿ ಕೆಂಪು ಡ್ರ್ಯಾಗನ್ನಿಗೂ ಬಿಳಿ ಡ್ರ್ಯಾಗನ್ನಿಗೂ ಕಾಳಗ ನಡೆದಿದೆ. ಕೆಂಪು ನಮ್ಮದು, ಬಿಳಿ ಅವರದು. ಕೊನೆಗೆ ಗೆಲ್ಲುವುದು ಕೆಂಪು. 7ನೇ ಶತಮಾನದ ದೊರೆ ಕಡ್ವಾಲದರ್‌ನ ವಂಶದಲ್ಲಿ ಒಬ್ಬ ಬರುತ್ತಾನೆ, ಲಂಡನ್ನಿನ ಕಿರೀಟ ವಾಪಸು ತರುತ್ತಾನೆ. ಅವನನ್ನು 'ಮಾಬ್ ದರೋಗನ್' ಎನ್ನುತ್ತಿದ್ದರು. ಭವಿಷ್ಯವಾಣಿಯ ಮಗ ಎಂದು ಅರ್ಥ. ನಮ್ಮಲ್ಲಿ ವೀರವಸಂತರಾಯ ಬರ್ತಾನೆ ಎಂದು ಕಾಲಜ್ಞಾನ ಹೇಳುವ ಹಾಗೆ. ಗ್ಲಿಂಡೂರ್‌ನೇ ಅವನು ಎಂದು ಒಮ್ಮೆ ನಂಬಿ ಸೋತಿದ್ದರು. ಈಗ ಕವಿಗಳು ಹೆನ್ರಿಯ ಕಡೆ ತಿರುಗಿದರು.

ಇತ್ತ ಸಿಂಹಾಸನದಲ್ಲಿದ್ದ ಯಾರ್ಕ್ ಕಡೆಯ ಮೂರನೇ ರಿಚರ್ಡ್‌ಗೆ ಇದರ ಬಿಸಿ ತಟ್ಟಿತ್ತು. 1485ರ ಜೂನ್‌ನಲ್ಲಿ ಹೊರಡಿಸಿದ ಘೋಷಣೆಯಲ್ಲಿ ಅವನು ಎದುರಾಳಿಯನ್ನು ಅರ್ಲ್ ಎಂದು ಕರೆಯಲಿಲ್ಲ. 'ಹೆನ್ರಿ ಟಿಡರ್' ಎಂದ. ಅಪ್ಪನ ಕಡೆಯೂ ಅಮ್ಮನ ಕಡೆಯೂ ಅಕ್ರಮ ಸಂತಾನ ಎಂದು ಜರೆದ. ಅಂದರೆ ಟ್ಯೂಡರ್ ಎನ್ನುವುದು ಆಗ ಬೈಗುಳದ ಲೆಕ್ಕ. ಹೆನ್ರಿ ಮತ್ತು ಅವನ ಮಕ್ಕಳು ಈ ಹೆಸರನ್ನು ಎಲ್ಲೂ ಮೆರೆಸಲಿಲ್ಲ ಎಂದರೆ ಆಶ್ಚರ್ಯವಿಲ್ಲ. ಅವರ ಹೆಮ್ಮೆಯೆಲ್ಲ ಲ್ಯಾಂಕಾಸ್ಟರ್, ಯಾರ್ಕ್ ಎರಡೂ ಮನೆಗಳು ಕೂಡಿದ ಗುಲಾಬಿ ಲಾಂಛನದಲ್ಲಿ. ಟ್ಯೂಡರ್ ವಂಶ ಎಂದು ನಾವು ಸಲೀಸಾಗಿ ಹೇಳುವುದು ನಂತರದ ಇತಿಹಾಸಕಾರರು ಕಲಿಸಿದ ರೂಢಿ.

1485ರ ಆಗಸ್ಟ್ 7ರಂದು ಹೆನ್ರಿ ಪೆಂಬ್ರೋಕ್‌ಷೈರ್‌ನ ಮಿಲ್ ಬೇ ಎಂಬ ಸಣ್ಣ ಕೊಲ್ಲಿಯಲ್ಲಿ ಇಳಿದ. ಹುಟ್ಟಿದ ಕೋಟೆ ಅಲ್ಲಿಂದ ದೂರವಿಲ್ಲ. ಜೊತೆಗಿದ್ದದ್ದು ಬಹುಪಾಲು ಫ್ರೆಂಚ್ ಬಾಡಿಗೆ ಸೈನಿಕರು, ಸ್ವಲ್ಪ ಇಂಗ್ಲಿಷ್ ನಿರಾಶ್ರಿತರು. ಇಷ್ಟೇ ಜನರನ್ನು ಕಟ್ಟಿಕೊಂಡು ಇಂಗ್ಲೆಂಡಿನ ಪೂರ್ವ ತೀರದಲ್ಲಿ ಇಳಿದಿದ್ದರೆ ಎರಡು ದಿನದಲ್ಲಿ ಕಥೆ ಮುಗಿಯುತ್ತಿತ್ತು. ಇಲ್ಲಿ ಹಾಗಾಗಲಿಲ್ಲ. ಅವನು ಕಾರ್ಡಿಗನ್ ಮೇಲೆ ಹಾದು ಸಮುದ್ರದ ಅಂಚಿನಲ್ಲೇ ಉತ್ತರಕ್ಕೆ ನಡೆದ, ಆಮೇಲೆ ಬೆಟ್ಟ ದಾಟಿ ಪೂರ್ವಕ್ಕೆ ತಿರುಗಿದ. ಮುಂದೆ ಕೆಂಪು ಡ್ರ್ಯಾಗನ್ ಬಾವುಟ. ವೇಲ್ಸ್ ಉದ್ದಕ್ಕೂ ಒಂದು ದೊಡ್ಡ ಕಾಳಗವೂ ಆಗಲಿಲ್ಲ. ದಾರಿಯಲ್ಲಿ ಅವನು ವೆಲ್ಷ್ ಯಜಮಾನರಿಗೆ ಪತ್ರ ಬರೆಸಿದ. ಒಂದು ಪತ್ರ ಉಳಿದಿದೆ, ಜಾನ್ ಅಪ್ ಮರೆದಿದ್ ಎಂಬವನಿಗೆ ಬರೆದದ್ದು. ರಾಣಿಯ ಮುಂದೆ ಮೂಗನಾಗಿ ನಿಂತ ಬಂಧುಗಳಲ್ಲಿ ಒಬ್ಬನ ಹೆಸರೂ ಅದೇ. ವೇಲ್ಸ್ ಜನರನ್ನು ದಾಸ್ಯದಿಂದ ಬಿಡಿಸಿ ಹಳೇ ಸ್ವಾತಂತ್ರ್ಯ ಕೊಡಿಸುತ್ತೇನೆ ಎಂದು ಅದರಲ್ಲಿ ಮಾತು ಕೊಟ್ಟಿದ್ದಾನೆ. ಚುನಾವಣೆ ಪ್ರಣಾಳಿಕೆ ಅನ್ನಿ.

ದಾರಿಯಲ್ಲಿ ಮಥಾವರ್ನ್ ಎಂಬಲ್ಲಿ ಕವಿ ಡಾವಿದ್ ಲುಯಿದ್‌ನ ಮನೆಯಲ್ಲಿ ತಂಗಿದ ಎಂಬ ಕಥೆ ವೇಲ್ಸ್‌ನಲ್ಲಿ ಎಲ್ಲರಿಗೂ ಗೊತ್ತು. ನಾನು ಗೆಲ್ಲುತ್ತೇನಾ ಎಂದು ಹೆನ್ರಿ ಕೇಳಿದ. ಭವಿಷ್ಯ ಹೇಳುವುದರಲ್ಲಿ ಹೆಸರಾದ ಕವಿಗೆ ಬಾಯಿ ಕಟ್ಟಿತು, ಬೆಳಿಗ್ಗೆ ಹೇಳ್ತೀನಿ ಎಂದ. ರಾತ್ರಿಯಿಡೀ ಹೊರಳಾಡುತ್ತಿದ್ದ ಗಂಡನಿಗೆ ಹೆಂಡತಿ ಹೇಳಿದಳು: ಗೆಲ್ತೀಯ ಅಂತ ಹೇಳಿಬಿಡಿ. ಗೆದ್ದರೆ ಇನಾಮು ಸಿಗುತ್ತೆ. ಸೋತರೆ ನಿಮ್ಮನ್ನು ಕೇಳೋಕೆ ಅವನು ವಾಪಸು ಬರೋದಿಲ್ಲ.

ದಕ್ಷಿಣ ವೇಲ್ಸ್‌ನ ಬಲಾಢ್ಯ ರೀಸ್ ಅಪ್ ತೋಮಸ್ ಕೆಲವು ದಿನ ಅಳೆದು ಸುರಿದು ಕೊನೆಗೆ ತನ್ನ ದಂಡಿನ ಜೊತೆ ಬಂದು ಸೇರಿದ. ಆಗಸ್ಟ್ 22ರಂದು ಬಾಸ್ವರ್ತ್‌ನಲ್ಲಿ ಯುದ್ಧ. ಅಲ್ಲಿ ತಕ್ಕಡಿ ತಿರುಗಿಸಿದ್ದು ಕೊನೇ ಗಳಿಗೆಯಲ್ಲಿ ನುಗ್ಗಿದ ವಿಲಿಯಂ ಸ್ಟ್ಯಾನ್ಲಿಯ ಸೈನ್ಯ. ಹಾಗಾಗಿ ವೆಲ್ಷರೇ ಗೆಲ್ಲಿಸಿದರು ಎಂದರೆ ಜಾಸ್ತಿಯಾಯಿತು. ಆದರೆ ಅಲ್ಲಿಯವರೆಗೆ ಅವನನ್ನು ಜೀವಂತ ತಲುಪಿಸಿದ್ದು ವೇಲ್ಸ್. ರಿಚರ್ಡ್‌ನ ಲಾಂಛನ ಬಿಳಿ ಕಾಡುಹಂದಿ. ರೀಸ್ ಆ ಹಂದಿಯ ತಲೆ ಬೋಳಿಸಿದ ಎಂದು ಆ ಕಾಲದ ವೆಲ್ಷ್ ಕವಿಯೊಬ್ಬ ಹಾಡಿದ. 2012ರಲ್ಲಿ ಲೆಸ್ಟರ್‌ನ ಕಾರ್ ಪಾರ್ಕಿಂಗ್ ಅಡಿಯಲ್ಲಿ ರಿಚರ್ಡ್‌ನ ಅಸ್ಥಿ ಸಿಕ್ಕಾಗ ನೋಡಿದರೆ ತಲೆಬುರುಡೆಯ ಮೇಲೆ ಚಿಪ್ಪು ಕೆತ್ತಿದಂಥ ಗಾಯಗಳಿದ್ದವು. ಕವಿ ಉತ್ಪ್ರೇಕ್ಷೆ ಮಾಡಿರಲಿಲ್ಲ ಎಂದು ಕೆಲವರಿಗೆ ಅನ್ನಿಸಿತು.

ಗೆದ್ದ ಮೇಲೆ ಹೆನ್ರಿ ವೇಲ್ಸ್ ಅನ್ನು ಪೂರ್ತಿ ಮರೆಯಲಿಲ್ಲ. ಡ್ರ್ಯಾಗನ್ ಬಾವುಟವನ್ನು ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿಗೆ ಅರ್ಪಿಸಿದ. ರಾಜಲಾಂಛನದ ಒಂದು ಬದಿಗೆ ಡ್ರ್ಯಾಗನ್ ಬಂತು. ತನ್ನ ವಂಶಾವಳಿ ಕಡ್ವಾಲದರ್‌ವರೆಗೆ ಹೋಗುತ್ತದೆ ಎಂದು ತೋರಿಸುವ ಏರ್ಪಾಟು ಮಾಡಿದ. 1486ರಲ್ಲಿ ಹುಟ್ಟಿದ ಮೊದಲ ಮಗನಿಗೆ ಹಳೇ ಬ್ರಿಟನ್ನರ ದಂತಕಥೆಯ ರಾಜ ಆರ್ಥರ್‌ನ ಹೆಸರಿಟ್ಟ. ರೀಸ್‌ಗೆ ಸರ್ ಪದವಿ ಸಿಕ್ಕಿತು, ಜ್ಯಾಸ್ಪರ್ ಡ್ಯೂಕ್ ಆದ. ತನ್ನನ್ನು ಎತ್ತಿ ಆಡಿಸಿದ ವೆಲ್ಷ್ ದಾದಿಗೂ ಪಿಂಚಣಿ ಕೊಟ್ಟ. ಇಷ್ಟಾದರೂ ಆ ಭವಿಷ್ಯವಾಣಿಯ ಸ್ವಾತಂತ್ರ್ಯ ಬಂತಾ? 1504ರಿಂದ ನಾಲ್ಕೈದು ವರ್ಷ ಉತ್ತರ ವೇಲ್ಸ್‌ನ ಕೆಲವು ಸೀಮೆಗಳಿಗೆ ಸನದು ಕೊಟ್ಟು ಹಳೇ ನಿರ್ಬಂಧಗಳಿಂದ ಬಿಡಿಸಿದ. ಪುಕ್ಕಟೆ ಅಲ್ಲ, ಹಣ ತೆಗೆದುಕೊಂಡು. ಪೈಸೆ ಪೈಸೆ ಲೆಕ್ಕ ನೋಡುವ ರಾಜ ಅವನು.

ಮಗ ಎಂಟನೇ ಹೆನ್ರಿಗೆ ಆ ಮಾತ್ರದ ಮಮಕಾರವೂ ಇರಲಿಲ್ಲ. ರೀಸ್ ಅಪ್ ತೋಮಸ್‌ನ ಮೊಮ್ಮಗನಿಗೆ 1531ರಲ್ಲಿ ರಾಜದ್ರೋಹದ ಆರೋಪದ ಮೇಲೆ ತಲೆ ಹೋಯಿತು. 1536 ಮತ್ತು 1543ರ ಕಾನೂನುಗಳಿಂದ ವೇಲ್ಸ್ ಇಂಗ್ಲೆಂಡಿನೊಳಗೆ ಸೇರಿಹೋಯಿತು. ಒಂದು ಕಡೆಯಿಂದ ನೋಡಿದರೆ ಲಾಭ. ವೆಲ್ಷ್ ಮನುಷ್ಯನಿಗೆ ಇಂಗ್ಲಿಷನಷ್ಟೇ ಹಕ್ಕು, ಪಾರ್ಲಿಮೆಂಟಿನಲ್ಲಿ ಸೀಟು. ಇನ್ನೊಂದು ಕಡೆ, ನ್ಯಾಯಾಲಯದ ಭಾಷೆ ಇಂಗ್ಲಿಷ್. ವೆಲ್ಷ್ ಮಾತ್ರ ಆಡುವವನಿಗೆ ಸರ್ಕಾರಿ ಹುದ್ದೆ ಇಲ್ಲ. ಓವೆನ್‌ನ ಆ ಇಬ್ಬರು ಚೆಂದದ ಬಂಧುಗಳು ಈಗ ಬಂದಿದ್ದರೆ ಕೋರ್ಟಿನಲ್ಲೂ ಮೂಗರಾಗಿಯೇ ನಿಲ್ಲಬೇಕಿತ್ತು.

ಆದರೆ ಇದೇ ವಂಶದ ಕೊನೆಯವಳು ಒಂದನೇ ಎಲಿಜಬೆತ್. ಅವಳನ್ನು ತೊಟ್ಟಿಲಿನಿಂದ ನೋಡಿಕೊಂಡವರಲ್ಲಿ ಬ್ಲಾಂಚ್ ಪ್ಯಾರಿ ಒಬ್ಬಳು. ಅಪ್ ಹ್ಯಾರಿ ಸವೆದು ಪ್ಯಾರಿ ಆದ ಮನೆತನ. ಎಲಿಜಬೆತ್ ಕಾಲದಲ್ಲಿ, 1563ರಲ್ಲಿ, ಬೈಬಲ್ಲನ್ನು ವೆಲ್ಷ್‌ಗೆ ಅನುವಾದ ಮಾಡಿಸಬೇಕು ಎಂದು ಕಾನೂನಾಯಿತು. ಪಕ್ಕದಲ್ಲೇ ಇಂಗ್ಲಿಷ್ ಪ್ರತಿಯನ್ನೂ ಇಡಬೇಕು, ಜನ ಹೋಲಿಸಿ ನೋಡಿ ಇಂಗ್ಲಿಷ್ ಕಲಿಯಲಿ ಎಂಬ ಷರತ್ತೂ ಇತ್ತು. ಲೆಕ್ಕ ತಲೆಕೆಳಗಾಯಿತು. 1588ರಲ್ಲಿ ವಿಲಿಯಂ ಮಾರ್ಗನ್‌ನ ಪೂರ್ತಿ ಬೈಬಲ್ ಬಂತು, ಪ್ರತಿ ಭಾನುವಾರ ಪ್ರತಿ ಊರಿನಲ್ಲೂ ಒಳ್ಳೆಯ ವೆಲ್ಷ್ ಗಟ್ಟಿಯಾಗಿ ಕೇಳಿಸತೊಡಗಿತು. ಕೋರ್ಟಿನಿಂದ ಹೊರಬಿದ್ದ ಭಾಷೆ ಚರ್ಚಿನಲ್ಲಿ ಉಳಿದುಕೊಂಡಿತು. ಇವತ್ತಿಗೂ ವೆಲ್ಷ್ ಮಾತಾಡುವವರು ಲಕ್ಷಗಟ್ಟಲೆ ಇದ್ದಾರೆ ಎಂದರೆ ಆ ಪುಸ್ತಕದ ಪಾಲು ದೊಡ್ಡದು. ಟ್ಯೂಡರ್‌ಗಳು ವೇಲ್ಸ್‌ಗೆ ಮಾಡಿದ ಅತಿ ದೊಡ್ಡ ಉಪಕಾರ ಇದೇ ಎಂದು ನನ್ನ ಅಭಿಪ್ರಾಯ. ಅವರ ಉದ್ದೇಶ ಅದಾಗಿರಲಿಲ್ಲ ಅಷ್ಟೇ.

1603ರಲ್ಲಿ ಎಲಿಜಬೆತ್ ಮಕ್ಕಳಿಲ್ಲದೆ ತೀರಿಕೊಂಡಳು. ಸ್ಕಾಟ್ಲೆಂಡಿನ ಜೇಮ್ಸ್ ಬಂದ. ಏಳನೇ ಹೆನ್ರಿಯ ಮಗಳ ಕಡೆಯಿಂದ ಅವನೂ ಓವೆನ್‌ನ ಸಂತತಿಯೇ. ಇವತ್ತಿನ ಬ್ರಿಟಿಷ್ ರಾಜನೂ ಅದೇ ಲೆಕ್ಕದಲ್ಲಿ ಬರುತ್ತಾನೆ. ಜೇಮ್ಸ್ ರಾಜಲಾಂಛನದಿಂದ ಡ್ರ್ಯಾಗನ್ ತೆಗೆಸಿ ಆ ಜಾಗದಲ್ಲಿ ಸ್ಕಾಟ್ಲೆಂಡಿನ ಒಂಟಿಕೊಂಬಿನ ಕುದುರೆಯನ್ನು ನಿಲ್ಲಿಸಿದ. 1606ರಲ್ಲಿ ಇಂಗ್ಲೆಂಡು, ಸ್ಕಾಟ್ಲೆಂಡು ಸೇರಿಸಿ ಹೊಸ ಬಾವುಟ ಮಾಡಿದಾಗ ವೇಲ್ಸ್ ಅದರಲ್ಲಿ ಬರಲಿಲ್ಲ, ಇಂಗ್ಲೆಂಡಿನಲ್ಲೇ ಸೇರಿದೆ ಎಂದು ಬಿಟ್ಟರು. ಡ್ರ್ಯಾಗನ್ ಬಾವುಟ ವೇಲ್ಸ್‌ನ ಅಧಿಕೃತ ಬಾವುಟವಾದದ್ದು 1959ರಲ್ಲಿ. ಮುಂದಿನ ಸಲ ಫುಟ್ಬಾಲ್ ಪಂದ್ಯದಲ್ಲಿ ಅದನ್ನು ನೋಡಿದಾಗ ಡ್ರ್ಯಾಗನ್ನಿನ ಹಿಂದಿನ ಬಿಳಿ ಮತ್ತು ಹಸಿರು ಪಟ್ಟಿಗಳನ್ನೂ ಗಮನಿಸಿ. ಅವು ಏಳನೇ ಹೆನ್ರಿಯ ಆಳುಗಳು ತೊಡುತ್ತಿದ್ದ ಬಣ್ಣಗಳು.